ಸಕ್ಕರೆಯ ಸೀಮೆಯಲ್ಲಿ ತೆರೆಯ ಮೇಲಿನ ಆಟ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳುಳ್ಳ ಮಹಾಗ್ರಂಥ. ರಾಜ್ಯವನ್ನು ಗಳಿಸುವ ಮತ್ತು ಗಳಿಸಿದ್ದನ್ನು ಸ್ಥಿರಗೊಳಿಸುವ ಉಪಾಯಗಳಿಗೆ ಮೊದಲ ಎರಡು ವಿಂಶತಿಗಳನ್ನೂ, ರಾಜೋಚಿತವಾದ ಭೋಗಗಳಿಗೆ ಮೂರನೆಯದನ್ನೂ ಕೊಟ್ಟ ಆ ದೊರೆಯು ಉಳಿದೆರಡನ್ನು ವಿನೋದಕ್ಕೂ ಕ್ರೀಡೆಗೂ ನಿಸ್ಸಂಕೋಚವಾಗಿ ಬಿಟ್ಟುಕೊಟ್ಟಿದ್ದಾನೆ. ಮಲ್ಲಯುದ್ಧ, ಟಗರಿನ ಕಾಳಗ, ಗಾಳ ಹಾಕಿ ಮೀನು ಹಿಡಿಯುವುದು, ಚತುರಂಗ, ಪಗಡೆ, ಕವಡೆ, ಒಗಟು ಇವೆಲ್ಲ ಅಲ್ಲಿ ಶಾಸ್ತ್ರದ ಮರ್ಯಾದೆಯನ್ನು ಪಡೆದು ನಿಂತಿವೆ. ಮುಧೋಳ, ಜಮಖಂಡಿ, ಬೀಳಗಿಗಳ ಕಡೆ ಕುಸ್ತಿಯ ಕಣವಾಗಲಿ ಟಗರಿನ ಕಾಳಗವಾಗಲಿ ಇಂದಿಗೂ ಜನರನ್ನು ಸೆಳೆಯುವುದನ್ನು ಕಂಡವರಿಗೆ ಆ ಗ್ರಂಥವು ಒಂಬತ್ತು ಶತಮಾನಗಳಷ್ಟು ಹಳೆಯದೆಂದು ಒಮ್ಮೆಗೆ ತೋರದು. ಆಟವನ್ನು ವಯಸ್ಸಿಗೆ ಬಂದವರೂ ಗಂಭೀರವಾಗಿ ಆಡಬಹುದೆಂದು ಒಪ್ಪಿದ ಈ ನಾಡಿನಲ್ಲಿ, ತೆರೆಯ ಮೇಲೆ ಆಡುವ ಆಟವೊಂದು ಬಂದು, ಒಂದು ತಲೆಮಾರಿನ ಬಾಲ್ಯವನ್ನೆಲ್ಲ ಆವರಿಸಿ, ಆ ತಲೆಮಾರು ನಡುವಯಸ್ಸನ್ನು ಮುಟ್ಟಿದಾಗಲೂ ಅದನ್ನು ಬಿಟ್ಟುಹೋಗದೆ ಉಳಿದ ಬಗೆಯನ್ನು ಹೇಳುವುದು ಈ ಬರಹದ ಉದ್ದೇಶ.

ಈ ಕಥೆ ನಡೆಯುವ, ಮುಧೋಳದ ಕಡೆಯ ಸಮೀರವಾಡಿಯು ಪ್ರಾಚೀನ ಗ್ರಾಮವಲ್ಲ; ಸಕ್ಕರೆ ಕಾರ್ಖಾನೆಯೊಡನೆ ಬೆಳೆದ ಊರು. ಮಹಾರಾಷ್ಟ್ರದಲ್ಲಿ ಗೋದಾವರಿಯ ದಡದ ಕೋಪರಗಾಂವ ಸೀಮೆಯಲ್ಲಿ ಮೊದಲು ಕಾಲೂರಿದ ಸೋಮಯ್ಯಾ ಮನೆತನದ ಉದ್ಯಮವು ಘಟಪ್ರಭೆಯ ನೀರುಂಡು ಬೆಳೆಯುವ ಕಬ್ಬನ್ನು ಅರಸಿ ಇತ್ತ ಬಂದುದರಿಂದಲೇ, ಘಟಪ್ರಭೆಯ ಬಯಲಿನ ಕಾರ್ಖಾನೆಗೆ ಗೋದಾವರಿಯ ಹೆಸರು ಅಂಟಿಕೊಂಡಿತು. ಇಂಥ ಊರಿನಲ್ಲಿ ಕಾಲವನ್ನು ಅಳೆಯುವುದು ಹಂಗಾಮಿನಿಂದ ಮತ್ತು ಪಾಳಿಯಿಂದ. ಕಬ್ಬು ನುರಿಸುವ ತಿಂಗಳುಗಳಲ್ಲಿ ಹಗಲು ರಾತ್ರಿಗಳ ಭೇದವಿಲ್ಲ. ಬೇಸಿಗೆ ಬಿಗಿಯಿತೆಂದರೆ ಯಂತ್ರಗಳು ನಿಲ್ಲುತ್ತವೆ, ಕಾಲನಿಯ ಮಧ್ಯಾಹ್ನಗಳು ಒಮ್ಮೆಲೆ ಉದ್ದವಾಗುತ್ತವೆ. ಶಾಲೆಯ ಸೂಟಿಯೂ ಅದೇ ಕಾಲಕ್ಕೆ ಕೂಡಿ ಬರುವುದರಿಂದ, ಆಟಕ್ಕೆ ಬೇಕಾದ ಮೊದಲ ಸಾಮಗ್ರಿಯಾದ ಬಿಡುವು ಇಲ್ಲಿ ಧಾರಾಳವಾಗಿತ್ತು.

ಆಟದ ಜನ್ಮಸ್ಥಾನಗಳಾದರೋ ಬಹುದೂರದವು. 1958ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯನ್ನು ನೋಡಲು ಬರುವವರಿಗೆ ಬೇಸರವಾಗದಿರಲೆಂದು ಭೌತವಿಜ್ಞಾನಿ ವಿಲಿಯಂ ಹಿಗಿನ್‌ಬಾಥಮ್ ಆಸಿಲೋಸ್ಕೋಪಿನ ಪುಟ್ಟ ತೆರೆಯ ಮೇಲೆ ಟೆನಿಸ್ಸನ್ನು ಮೂಡಿಸಿದರು. 1972ರಲ್ಲಿ ಅಟಾರಿ ಕಂಪನಿಯ ‘ಪಾಂಗ್’ ಅದೇ ಬಗೆಯ ಆಟವನ್ನು ನಾಣ್ಯ ನುಂಗುವ ಪೆಟ್ಟಿಗೆಯೊಳಗೆ ಕೂಡಿಸಿತು. 1978ರಲ್ಲಿ ‘ಸ್ಪೇಸ್ ಇನ್ವೇಡರ್ಸ್’, 1980ರಲ್ಲಿ ‘ಪ್ಯಾಕ್‌ಮ್ಯಾನ್’ ಜಪಾನಿನಿಂದ ಹೊರಟು ಜಗತ್ತನ್ನು ಸುತ್ತಿದವು. ನಮ್ಮ ಸೀಮೆಯ ಮಟ್ಟಿಗೆ ಮುಖ್ಯವಾದ ವರ್ಷ 1983. ಆ ವರ್ಷ ನಿಂಟೆಂಡೊ ಕಂಪನಿಯು ‘ಫ್ಯಾಮಿಕಾಮ್’ ಎಂಬ ಮನೆಯಾಟದ ಯಂತ್ರವನ್ನು ಹೊರತಂದಿತು; ಅದನ್ನು ಹೋಲುವ ಅಗ್ಗದ ಯಂತ್ರಗಳು ಪೂರ್ವದೇಶಗಳಲ್ಲಿ ರಾಶಿರಾಶಿಯಾಗಿ ತಯಾರಾಗಿ, 1990ರ ದಶಕದಲ್ಲಿ ನಾನಾ ಹೆಸರುಗಳನ್ನು ಹೊತ್ತು ನಮ್ಮ ಪೇಟೆಗಳಿಗೂ ಇಳಿದವು. ಅಸಲನ್ನು ಕಣ್ಣಾರೆ ಕಂಡವರು ವಿರಳ. ನಕಲಿನ ಉಪಕಾರವನ್ನು ಚರಿತ್ರಕಾರರು ಸಾಮಾನ್ಯವಾಗಿ ಸ್ಮರಿಸುವುದಿಲ್ಲ. ನಮ್ಮ ಕಡೆಯ ವಿಡಿಯೋ ಗೇಮಿನ ಚರಿತ್ರೆಯಾದರೋ ಬಹುಮಟ್ಟಿಗೆ ನಕಲಿನ ಚರಿತ್ರೆಯೇ.

ಆದರೂ ಈ ವಿದ್ಯೆಯ ಬೇರಿನ ಒಂದು ಎಳೆ ನಮ್ಮ ನೆರೆಯಲ್ಲಿಯೇ ಇತ್ತೆಂದರೆ ಅತಿಶಯೋಕ್ತಿಯಾಗದು. ರಬಕವಿ ಬನಹಟ್ಟಿಗಳು ನೇಕಾರರ ಊರುಗಳು. ಜಕಾರ್ಡ್ ಹೂಡಿದ ಮಗ್ಗದ ಮೇಲೆ ತೂಗಾಡುವ ತೂತು ಹೊಡೆದ ರಟ್ಟುಗಳ ಸಾಲೇ ಸೆರಗಿನ ಹೂವು ಬಳ್ಳಿಗಳನ್ನು ನಿರ್ಣಯಿಸುತ್ತದೆ: ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಳಿದೇ ಇರುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಲಿಯಾನ್ ನಗರದ ಜಕಾರ್ಡ್ ಎಂಬಾತನು ರೂಪಿಸಿದ ಈ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಕಲ್ಪನೆಗೆ ಎರವಲು ತೆಗೆದುಕೊಂಡನು. ಚೌಕಳಿ ಹಾಳೆಯ ಮೇಲೆ ಮನೆ ಮನೆಯಾಗಿ ಬಣ್ಣ ತುಂಬಿ ನವಿಲನ್ನು ಬರೆಯುವ ನಕ್ಷೆಗಾರನಿಗೂ, ಹದಿನಾರು ಚುಕ್ಕೆ ಅಗಲ ಹದಿನಾರು ಚುಕ್ಕೆ ಎತ್ತರದ ಅವಕಾಶದಲ್ಲಿ ಮೀಸೆ ಟೊಪ್ಪಿಗೆಗಳುಳ್ಳ ಮಾರಿಯೋನನ್ನು ನಿಲ್ಲಿಸಿದ ಜಪಾನಿನ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರಿಗೂ ಎದುರಾದ ಸಂಕಟ ಒಂದೇ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟವೆಲ್ಲ ನಲವತ್ತು ಕಿಲೋಬೈಟಿನಲ್ಲಿ ಅಡಗಿದೆ. ಅದರಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕೃತಿ. ಬಣ್ಣ ಮಾತ್ರ ಬೇರೆ. ಒಂದೇ ಬುಟ್ಟಾವನ್ನು ಒಂದು ಸೀರೆಗೆ ಕೆಂಪಿನಲ್ಲಿ, ಇನ್ನೊಂದಕ್ಕೆ ಹಸಿರಿನಲ್ಲಿ ನೇಯುವ ಬನಹಟ್ಟಿಯ ನೇಕಾರನಿಗೆ ಈ ಮಿತವ್ಯಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಆಟದ ಯಂತ್ರವನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲವಾಗಿ ಅದು ಬಾಡಿಗೆಯ ರೂಪದಲ್ಲಿಯೇ ಹೆಚ್ಚಾಗಿ ಹರಡಿತು. ಟಿ.ವಿ. ರಿಪೇರಿಯ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಗಂಟೆಗೆ ಇಷ್ಟೆಂದು ದರ ಕಟ್ಟಿ, ಕಬ್ಬಿಣದ ಸ್ಟೂಲುಗಳ ಮೇಲೆ ಇಬ್ಬರನ್ನು ಕೂಡಿಸುತ್ತಿದ್ದರು; ಅವರ ಬೆನ್ನ ಹಿಂದೆ ಕಾಸಿಲ್ಲದ ನಾಲ್ವರು ನಿಂತು ಸಲಹೆ ಕೊಡುವುದಕ್ಕೆ ಅವಕಾಶವಿತ್ತು. ಹಾಗೆ ನಿಂತವರ ಪಾಂಡಿತ್ಯ ಕೂತವರಿಗಿಂತ ಮಿಗಿಲಾಗಿರುತ್ತಿದ್ದುದು ಪೇಟೆಯ ಕುಸ್ತಿಯ ಕಣದಲ್ಲಿಯೂ ಕಾಣಬರುವ ಸಂಗತಿಯೇ. “ಬಿಡಲೇ, ನಿಂದ್ ಲೈಫ್ ಮುಗೀತು, ನನ್ನ ಪಾಳಿ ಬಂತು” ಎಂಬ ಮಾತಿನ ಮೇಲೆ ಎಷ್ಟು ಗೆಳೆತನಗಳು ಮುರಿದು ಮರುದಿನ ಕೂಡಿಕೊಂಡವೋ ಲೆಕ್ಕವಿಲ್ಲ. ಆಟ ತುಂಬಿದ ಡಬ್ಬಿಯನ್ನು ಎಲ್ಲರೂ ಕ್ಯಾಸೆಟ್ ಎಂದೇ ಕರೆದರು. ಹಳದಿಯ ಆ ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದು ಮುದ್ರಿಸಿದ್ದರೂ ಒಳಗೆ ಹೊಕ್ಕು ನೋಡಿದರೆ ಹತ್ತಾರು ಆಟಗಳೇ ವೇಷ ಬದಲಿಸಿ ಮರಳಿ ಮರಳಿ ಬರುತ್ತಿದ್ದವು. ಈ ವಂಚನೆಯನ್ನು ಹುಡುಗರು ಮೊದಲ ದಿನವೇ ಕಂಡುಹಿಡಿದು, ಎರಡನೆಯ ದಿನ ಕ್ಷಮಿಸಿಬಿಟ್ಟಿದ್ದರು. ತೆರೆ ಬೂದಿಬಣ್ಣಕ್ಕೆ ತಿರುಗಿತೆಂದರೆ ಕ್ಯಾಸೆಟ್ಟನ್ನು ಕಿತ್ತು ಅದರ ಬಾಯಿಗೆ ಜೋರಾಗಿ ಊದುವುದು ವಾಡಿಕೆ. ಊದುವುದರಿಂದ ಉಪಯೋಗವೇನೂ ಇಲ್ಲ, ಉಸಿರಿನ ತೇವದಿಂದ ಹಿತ್ತಾಳೆಬಣ್ಣದ ಆ ತಗಡಿನ ಹಲ್ಲುಗಳಿಗೆ ಕೇಡೇ ಹೆಚ್ಚು. ಕೆಲಸ ಮಾಡುತ್ತಿದ್ದುದು ಕಿತ್ತು ಮತ್ತೆ ಕೂಡಿಸಿದ ಕ್ರಿಯೆ. ಊದಬಾರದೆಂದು ನಿಂಟೆಂಡೊ ಕಂಪನಿಯೇ ಹೇಳಿತ್ತು. ಆದರೆ ಊದದೆ ಕ್ಯಾಸೆಟ್ ಹಾಕಿದ ಹುಡುಗನನ್ನು ನಾನಂತೂ ಕಾಣೆ.

‘ಕಾಂಟ್ರಾ’ ಎಂಬ ಆಟದಲ್ಲಿ ಮೂರು ಜೀವಗಳ ಬದಲು ಮೂವತ್ತನ್ನು ಪಡೆಯುವ ಗುಟ್ಟೊಂದುಂಟು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ ತಮ್ಮ ಬೇರೊಂದು ಆಟವನ್ನು ಪರೀಕ್ಷಿಸುವಾಗ ಅನುಕೂಲಕ್ಕೆಂದು ಸೇರಿಸಿಕೊಂಡ ಈ ಸೂತ್ರವು ಯಾವ ಪುಸ್ತಕದ ಹಂಗೂ ಇಲ್ಲದೆ, ಬಾಯಿಂದ ಬಾಯಿಗೆ, ಸೋದರಮಾವನ ಊರಿಗೆ ಸೂಟಿಗೆ ಹೋದವರ ಮೂಲಕ ಜಮಖಂಡಿಯಿಂದ ಮಹಾಲಿಂಗಪುರಕ್ಕೂ ಅಲ್ಲಿಂದ ಹಳ್ಳಿಗಳಿಗೂ ಹಬ್ಬಿದ ವೇಗವನ್ನು ನೆನೆದರೆ, ಮೌಖಿಕ ಪರಂಪರೆ ನಶಿಸಿತೆಂದು ದುಃಖಿಸುವ ವಿದ್ವಾಂಸರಿಗೆ ಕಿಂಚಿತ್ ಸಮಾಧಾನ ಹೇಳಬೇಕೆನಿಸುತ್ತದೆ.

ಈ ಭಾಗದ ಆಟಗಾರರ ಸ್ವಭಾವವನ್ನು ತಿದ್ದಿದ ಗುರುವೆಂದರೆ ವಿದ್ಯುತ್ತು. ಅಂದಿನ ಬಹುಪಾಲು ಕ್ಯಾಸೆಟ್ಟುಗಳಲ್ಲಿ ಆಟವನ್ನು ಅರ್ಧಕ್ಕೆ ನಿಲ್ಲಿಸಿ ಕಾಯ್ದಿಡುವ ಏರ್ಪಾಡಿರಲಿಲ್ಲ; ಕರೆಂಟು ಹೋದರೆ ಗಳಿಸಿದ ಸಂಪತ್ತೆಲ್ಲ ಹೋಗಿ, ಬಂದ ಮೇಲೆ ಮೊದಲನೆಯ ಮೆಟ್ಟಿಲಿನಿಂದಲೇ ಆರಂಭ. ಲೋಡ್ ಶೆಡ್ಡಿಂಗಿನ ಆ ವರ್ಷಗಳಲ್ಲಿ ಬೆಳೆದವರು ಮಾರಿಯೋನ ಮೊದಲ ಹಂತವನ್ನು ಕಣ್ಣುಮುಚ್ಚಿ ಆಡಬಲ್ಲರು, ಕೊನೆಯ ಹಂತದ ರಾಜಕುಮಾರಿಯ ಮುಖ ಮಾತ್ರ ಅನೇಕರಿಗೆ ಅಪರಿಚಿತ. ಗೆಲುವಿಗಾಗಿ ಆಡುವವನು ಇಂಥ ಕಡೆ ಬೇಗ ಬೇಸರಪಟ್ಟು ಬಿಟ್ಟುಬಿಡುತ್ತಾನೆ. ಆಡುವುದಕ್ಕಾಗಿಯೇ ಆಡುವವನು ಉಳಿಯುತ್ತಾನೆ. ನಲವತ್ತು ದಾಟಿದ ಮೇಲೂ ರಾತ್ರಿಯ ಊಟವಾದ ಬಳಿಕ ಒಂದಿಷ್ಟು ಹೊತ್ತು ಆಡಿ ಮಲಗುವವರು ಈ ಶಾಲೆಯಿಂದ ಬಂದವರೇ ಎಂಬುದು ನನ್ನ ಎಣಿಕೆ.

ಮುಂದಿನ ಕಥೆ ಬೇಗ ಹೇಳಬಹುದಾದದ್ದು. ಜಾತ್ರೆಯ ಅಂಗಡಿಗಳಲ್ಲಿ ಬ್ರಿಕ್ ಗೇಮು ಬಂದಿತು. ಮಾಸ್ಕೋದಲ್ಲಿ 1984ರಲ್ಲಿ ಅಲೆಕ್ಸಿ ಪಾಜಿಟ್ನೊವ್ ರಚಿಸಿದ ‘ಟೆಟ್ರಿಸ್’ ಆಟವೇ ಅದರ ಮೂಲವೆಂದು ಆಡುವವರಿಗೆ ತಿಳಿದಿರಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಶಾಲೆಗಳ ಕಂಪ್ಯೂಟರ್ ಕೋಣೆಗಳಲ್ಲಿ ‘ಡೇಂಜರಸ್ ಡೇವ್’, ಸೈಬರ್ ಕೆಫೆಗಳಲ್ಲಿ ‘ರೋಡ್ ರ‍್ಯಾಶ್’ ಮತ್ತು ‘ವೈಸ್ ಸಿಟಿ’ ತಮ್ಮ ತಮ್ಮ ಕಾಲವನ್ನು ಆಳಿದವು. ಅತ್ತ ಬೆಂಗಳೂರಿನಲ್ಲಿ ರಾಜೇಶ್ ರಾವ್ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ಹೊರದೇಶದ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಡುತ್ತ ಬೆಳೆದು, 2019ರಲ್ಲಿ ‘ವೈಸ್ ಸಿಟಿ’ಯ ಒಡೆಯರಾದ ರಾಕ್‌ಸ್ಟಾರ್ ಕಂಪನಿಯವರ ಕೈಸೇರಿತು. ನೋಕಿಯಾ ಫೋನಿನೊಳಗಣ ಹಾವಿನಾಟವು 1997ರಲ್ಲಿ ಹುಟ್ಟಿದ್ದು. ಕೆಲವೇ ವರ್ಷಗಳಲ್ಲಿ ಅದು ನಮ್ಮ ರೈತರ ಅಂಗೈಗೆ ಬಂದಿತು. ಎರಡೆರಡು ಟ್ರೇಲರುಗಳಲ್ಲಿ ಕಬ್ಬು ಹೇರಿಕೊಂಡು ಬಂದ ಟ್ರ್ಯಾಕ್ಟರುಗಳು ತೂಕದ ಕಾಟಾದ ಮುಂದೆ ಉದ್ದಕ್ಕೆ ಸರತಿ ನಿಲ್ಲುತ್ತವಷ್ಟೆ. ಆ ಸಾಲು ಗೇಣು ಗೇಣಾಗಿ ಮುಂದೆ ಸರಿಯುವ ತನಕ ಸ್ಟಿಯರಿಂಗಿಗೆ ಮೊಣಕೈ ಆನಿಸಿ ಹಾವನ್ನು ಉದ್ದವಾಗಿಸುತ್ತಿದ್ದ ಚಾಲಕನನ್ನು ಯಾರೂ ವಿಡಿಯೋ ಗೇಮ್ ಆಟಗಾರನೆಂದು ಎಣಿಸಲಿಲ್ಲ, ಅವನೂ ಎಣಿಸಿಕೊಳ್ಳಲಿಲ್ಲ. 2016ರಿಂದೀಚೆಗೆ ಇಂಟರ್‌ನೆಟ್ ಅಗ್ಗವಾದ ಮೇಲೆ ಅದೇ ಸರತಿಯಲ್ಲಿ ಅವನ ಮಗ ‘ಪಬ್‌ಜಿ’ ಆಡಿದನು. 2020ರ ಸೆಪ್ಟೆಂಬರಿನಲ್ಲಿ ಸರಕಾರ ಅದನ್ನು ನಿಷೇಧಿಸಿತು, ಮರುವರ್ಷ ಅದು ಹೆಸರು ಬದಲಿಸಿ ಬಂದಿತು.

ಹಣ ಕಟ್ಟಿ ಆಡುವ ಆಟಗಳ ಪ್ರಸಂಗ ಬೇರೆಯೇ ಆದುದು. ಅವುಗಳಿಂದ ಮನೆ ಕಳೆದುಕೊಂಡವರ ವಾರ್ತೆಗಳು ಹೆಚ್ಚಿದಾಗ ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ಹಗ್ಗದಲ್ಲಿ ಬಿಗಿದ ಆ ತಿದ್ದುಪಡಿಯ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿ 14ರಂದು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಪಣವಿಲ್ಲದವುಗಳಿಗೆ ಪ್ರೋತ್ಸಾಹವೀಯುವ ಕಾನೂನನ್ನು ರಚಿಸಿತು. ಆಟಗಾರನ ಕೈಚಳಕವೆಷ್ಟು, ದೈವದ ಪಾಲೆಷ್ಟು ಎಂಬ ಪ್ರಶ್ನೆಯ ಮೇಲೆ ವಕೀಲರು ಬಹಳ ವಾದಿಸಿದರು.

ಇದೇ ಪ್ರಶ್ನೆಯನ್ನು ಅವರಿಗಿಂತ ಮೊದಲೇ ಎತ್ತಿದವರು ನಮ್ಮ ಮನೆಗಳ ಮುದುಕಿಯರು. ನಮ್ಮ ಪಚೀಸಿಯು ಇಂಗ್ಲೆಂಡಿಗೆ ಹೋಗಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲೂಡೋ ಎಂಬ ಹೆಸರಿನಿಂದ ಪೇಟೆಂಟ್ ಪಡೆದು, ರಟ್ಟಿನ ಹಾಸಾಗಿ ಮರಳಿ ಬಂದದ್ದು ಹಳೆಯ ಮಾತು. 2016ರಲ್ಲಿ ಅದು ‘ಲೂಡೋ ಕಿಂಗ್’ ಆಗಿ ಫೋನನ್ನು ಹೊಕ್ಕಿತು. 2020ರ ಲಾಕ್‌ಡೌನಿನಲ್ಲಿ, ಬೇಸಿಗೆಯ ಮಧ್ಯಾಹ್ನಗಳು ಇನ್ನೂ ಉದ್ದವಾದಾಗ, ಚೌಕಾಬಾರದ ಮನೆಗಳನ್ನು ಸುಣ್ಣದಿಂದ ಬರೆದು ಆಡಿ ಬೆಳೆದ ಹಿರಿಯರನ್ನೂ ಮೊಮ್ಮಕ್ಕಳು ಆ ಆಟಕ್ಕೆ ಎಳೆದು ಕೂಡಿಸಿದರು. ಹಾಗೆ ಕೂತ ಒಬ್ಬ ಆಯಿಗೆ ಕಾಯಿ ನಡೆಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕವಡೆಯಿಲ್ಲದೆ ಗರ ಬೀಳುವುದೊಂದೇ ಒಗ್ಗಲಿಲ್ಲ.

“ಕವಡಿ ನನ್ನ ಕೈಯಾಗ ಇದ್ರ ನಾ ಒಗದದ್ದು ನನಗ ಗೊತ್ತಿರತೈತಿ. ಇದು ತಾನ ಒಗೀತೈತಿ, ತಾನ ಎಣಸ್ತೈತಿ. ನಿನಗ ಆರು ಬೀಳೂದು, ನನಗ ಒಂದು ಬೀಳೂದು. ಇದ್ಯಾವ ನ್ಯಾಯಾ?”

“ಆಯಿ, ಅದು ಮಷೀನ್, ಮೋಸಾ ಮಾಡೂದಿಲ್ಲ.”

“ಮಾಡಿದ್ದು ಮನಶ್ಯಾರ ಹೌದಲ್ಲೋ? ಹಂಗಾರ ಮಾಡತೈತಿ. ನಡಿ, ನಿನ್ನ ಪಾಳಿ ಮುಗೀತು, ಕೊಡಿಲ್ಲೆ.”