ಕವಣೆಯ ಬಿಗಿ, ಹೆಲಿಕಾಪ್ಟರಿನ ಲೆಕ್ಕ

ನಮ್ಮ ಮಂಡಗದ್ದೆ ಅಂದರೆ ಜನಕ್ಕೆ ನೆನಪಾಗೋದು ತುಂಗಾ ನದಿ ನಡುವಿನ ಮರಗಳಲ್ಲಿ ಗೂಡು ಕಟ್ಟೋ ಬೆಳ್ಳಕ್ಕಿ, ನೀರುಕಾಗೆಗಳು. ಇವತ್ತು ನಾನು ಹೇಳ್ತಿರೋದು ಇನ್ನೊಂದು ರೆಕ್ಕೆಯ ಕಥೆ, ಬೆಂಗಳೂರಿನಲ್ಲಿ ತಯಾರಾದ ಹೆಲಿಕಾಪ್ಟರಿನದು.

ಗದ್ದೆಯಲ್ಲಿ ಹಕ್ಕಿ ಓಡಿಸೋ ಕವಣೆ ನೋಡಿದ್ದೀರಲ್ಲ? ಸುಮ್ಮನೆ ಹಿಡಿದರೆ ಜೋತುಬೀಳೋ ಹಗ್ಗ, ಕಲ್ಲಿಟ್ಟು ಬೀಸಿದರೆ ಕೋಲಿನ ಹಾಗೆ ಬಿಗಿಯಾಗುತ್ತೆ. ಹೆಲಿಕಾಪ್ಟರ್ ರೆಕ್ಕೆಯದೂ ಇದೇ ಗುಟ್ಟು. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನ ರೋಟರ್ ವ್ಯಾಸ 13.2 ಮೀಟರ್. ನಿಮಿಷಕ್ಕೆ 300 ಸುತ್ತು ಅಂತ ಇಟ್ಟುಕೊಂಡರೂ, ತುದಿಯಲ್ಲಿರೋ ಒಂದು ಕಿಲೋ ತೂಕ 650 ಕಿಲೋಗಿಂತ ಹೆಚ್ಚಿನ ಭಾರದಷ್ಟು ಜಗ್ಗುತ್ತೆ.

ಬಿಗಿ ಹೆಚ್ಚಿದರೆ ತಂಬೂರಿ ತಂತಿಯ ಸ್ವರ ಏರುತ್ತಲ್ಲ, ಹಾಗೇ ರೆಕ್ಕೆಯ ಕಂಪನವೂ ಏರುತ್ತೆ. ಸೆಕೆಂಡಿಗೆ 5 ಸುತ್ತಾದರೆ ಗಾಳಿಯ ಹೊಡೆತ 5, 10, 15ರ ಲಯದಲ್ಲಿ ಬೀಳುತ್ತೆ. ರೆಕ್ಕೆಯ ಸಹಜ ಕಂಪನ ಅದರ ತಾಳಕ್ಕೆ ಕೂಡಿತೋ, ಅದುರಾಟ ಬೆಳೆದು ಬುಡದಲ್ಲಿ ಬಿರುಕು ಬಿಡಬಹುದು. ನಿಂತ ರೆಕ್ಕೆಯನ್ನು ತಟ್ಟಿ ಅಳೆದರೆ ಸಾಲದು, ತಿರುಗುವಾಗಿನ ಲೆಕ್ಕವೇ ಬೇಕು.

ತಿರುಗುವ ತಟ್ಟೆಯ ಕಂಪನದ ಬಗ್ಗೆ ಲ್ಯಾಂಬ್ ಮತ್ತು ಸೌತ್‌ವೆಲ್ 1921ರಲ್ಲೇ ಬರೆದರು. 1944ರಲ್ಲಿ ಮಿಕ್ಲೆಸ್ಟಾಡ್ ತೊಲೆಯನ್ನು ತುಂಡುತುಂಡಾಗಿ ಎಣಿಸಿ, ಒಂದರಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸೋ ದಾರಿ ತೋರಿಸಿದರು. ಕೈಯಲ್ಲಿ ಮಾಡೋಕೆ ಸಾಕುಸಾಕಾಗೋ ಕೆಲಸ ಅದು. 1956ರಲ್ಲಿ ಟರ್ನರ್, ಕ್ಲಫ್ ಮತ್ತು ಸಂಗಡಿಗರ ಪ್ರಬಂಧ ಬಂತು. ಫೈನೈಟ್ ಎಲಿಮೆಂಟ್ ವಿಧಾನ ಬೆಳೆದ ಹಾಗೆ ಈ ತುಂಡುಗಳ ಲೆಕ್ಕ ಕಂಪ್ಯೂಟರಿನ ಪಾಲಾಯಿತು.

ನಮ್ಮಲ್ಲಿ? 1962ರಲ್ಲಿ ಎಚ್‌ಎಎಲ್ ಫ್ರಾನ್ಸಿನ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಚೇತಕ್ ಕಟ್ಟಿತು. ಇಂಥ ಲೈಸೆನ್ಸಿನಲ್ಲಿ ನಕ್ಷೆ ಸಿಗುತ್ತೆ. ಆ ಅಳತೆ ಯಾಕೆ ಅಷ್ಟೇ ಇರಬೇಕು ಅನ್ನೋ ಲೆಕ್ಕವನ್ನ ಮಾತ್ರ ನಾವೇ ಕಲೀಬೇಕು. ಧ್ರುವ್‌ನಲ್ಲಿ ಆ ಕಲಿಕೆ ತಪ್ಪಿಸಿಕೊಳ್ಳೋ ಹಾಗೇ ಇರಲಿಲ್ಲ. ಚೇತಕ್‌ನ ರೆಕ್ಕೆ ಬುಡದಲ್ಲಿ ಕೀಲಿದೆ, ರೆಕ್ಕೆ ಮೇಲೆ ಕೆಳಗೆ ಆಡೋಕೆ ಜಾಗ ಕೊಡುತ್ತೆ. ಧ್ರುವ್‌ಗೆ ಆ ಕೀಲಿಲ್ಲ. ಸಂಯುಕ್ತ ವಸ್ತುವಿನ ಬುಡವೇ ಬಾಗಬೇಕು, ಒತ್ತಡವನ್ನೆಲ್ಲ ಅದೇ ತಾಳಬೇಕು. 1984ರಲ್ಲಿ ಜರ್ಮನಿಯ ಎಂಬಿಬಿ ನೆರವಿನೊಂದಿಗೆ ಕೆಲಸ ಶುರುವಾಗಿ, 1992ರ ಆಗಸ್ಟ್ 20ರಂದು ಅದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಂಜನ್ ಗಂಗೂಲಿ ತಿರುಗುವ ತೊಲೆಗಳ ಕಂಪ್ಯೂಟರ್ ಲೆಕ್ಕಕ್ಕೇ ಒಂದು ಪುಸ್ತಕ ಮೀಸಲಿಟ್ಟರು, ಅದು ಬಂದದ್ದು 2017ರಲ್ಲಿ. ಅಷ್ಟರೊಳಗೆ, 2010ರಲ್ಲಿ, ಧ್ರುವ್‌ನ ತಂತ್ರಜ್ಞಾನದ ಮೇಲೇ ಕಟ್ಟಿದ, ಮುಂದೆ ಪ್ರಚಂಡ್ ಅಂತ ಹೆಸರಾದ ಹೆಲಿಕಾಪ್ಟರ್ ಹಾರಿತ್ತು.

ನನಗನ್ನಿಸೋದು ಇಷ್ಟೆ: ಕೊಂಡ ನಕ್ಷೆಯಿಂದ ಒಂದು ಯಂತ್ರ ಬರುತ್ತೆ. ಕಲಿತ ಲೆಕ್ಕದಿಂದ ಅದರ ಮುಂದಿನದೂ ಬರುತ್ತೆ.