ಒಟ್ಟೊ ಡಿಕ್ಸ್: ‘ಯುದ್ಧ’ (1929–32)

ಮೊದಲ ಮಹಾಯುದ್ಧದಲ್ಲಿ ಮೆಷಿನ್‌ಗನ್ ಹಿಡಿದು ಕಾದಿದ್ದ ಜರ್ಮನ್ ಚಿತ್ರಕಾರ ಒಟ್ಟೊ ಡಿಕ್ಸ್ (1891–1969) ಈ ಚಿತ್ರಕ್ಕೆ ಮೂರು ವರ್ಷ ದುಡಿದರು. ಕಂದಕಗಳ ಸಂಕಟವನ್ನು ಜನ ಹತ್ತೇ ವರ್ಷದಲ್ಲಿ ಮರೆಯುತ್ತಿದ್ದಾರೆಂಬ ಕಳವಳ ಅವರದು. ಹಾಗಾಗಿ ಕೆಸರು, ಕೊಳೆತ ಹೆಣ, ಯಾವುದನ್ನೂ ಮುಚ್ಚಿಡಲಿಲ್ಲ.

ರೂಪ ಮಾತ್ರ ಹಳೆಯ ಚರ್ಚುಗಳ ಪೂಜಾಪೀಠದ ಚಿತ್ರಗಳದು: ನಡುವೆ ದೊಡ್ಡ ಹಲಗೆ, ಅಕ್ಕಪಕ್ಕ ಎರಡು, ಕೆಳಗೊಂದು ಅಡ್ಡಪಟ್ಟಿ. ಹದಿನಾರನೇ ಶತಮಾನದ ಜರ್ಮನ್ ಕಲಾವಿದರಂತೆ ಮರದ ಮೇಲೆ ತೆಳುಬಣ್ಣವನ್ನು ಪದರಪದರವಾಗಿ ಹಚ್ಚಿದ್ದಾರೆ.

ಬಲಗಡೆಯ ಹಲಗೆ ನೋಡಿ. ಗಾಯಾಳುವನ್ನು ಎಳೆದು ತರುತ್ತಿರುವ, ಬಿಳಿಚಿದ ಮುಖದ ಯೋಧ ಸ್ವತಃ ಡಿಕ್ಸ್.

1933ರಲ್ಲಿ ನಾಜಿಗಳು ಡ್ರೆಸ್ಡೆನ್ ಕಲಾ ಅಕಾಡೆಮಿಯ ಪ್ರಾಧ್ಯಾಪಕ ಹುದ್ದೆಯಿಂದ ಅವರನ್ನು ವಜಾ ಮಾಡಿದರು. ಚಿತ್ರ ಅದೇ ನಗರದ ಸಂಗ್ರಹಾಲಯ ಸೇರಿದ್ದು 1968ರಲ್ಲಿ.