ಚಿನ್ನದ ಸರಾಸರಿಯೂ ಒಂದು ವಕ್ರರೇಖೆಯೂ

ಸಿಂಧನೂರಿನ ಕಾಲುವೆ ನೀರಿನ ಬತ್ತದ ಗದ್ದೆಗಳನ್ನು ದಾಟಿ, ಮಸ್ಕಿಯ ಮೇಲೆ ಹಾದು ಲಿಂಗಸುಗೂರಿನ ಕಡೆಗೆ ಹೊರಟರೆ ನೆಲದ ಸ್ವರೂಪವೇ ಬದಲಾಗುತ್ತದೆ. ಈ ಭಾಗದ ಸಂಪತ್ತು ನೆಲದ ಮೇಲಲ್ಲ, ನೆಲದೊಳಗಿದೆ. ಭೂವಿಜ್ಞಾನಿಗಳು ಹಟ್ಟಿ-ಮಸ್ಕಿ ಶಿಲಾಪಟ್ಟಿ ಎಂದು ಕರೆಯುವ ಪ್ರದೇಶವಿದು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿರುವ ಶಾಸನವನ್ನು ಗುರುತಿಸಿದ ಸಿ. ಬೀಡನ್ ಕೂಡ ಪುರಾತತ್ವಜ್ಞನಾಗಿರಲಿಲ್ಲ. ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದ. ಮೌರ್ಯರನ್ನು ಇಷ್ಟು ದಕ್ಷಿಣಕ್ಕೆ ಸೆಳೆದದ್ದು ಇಲ್ಲಿನ ಚಿನ್ನವೇ ಇರಬೇಕೆಂದು ಇತಿಹಾಸಕಾರರು ಊಹಿಸಿದ್ದಾರೆ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಸುಮಾರು 640 ಅಡಿ ಆಳದವರೆಗೆ ಅಗೆದಿದ್ದರು. ಬೆಂಕಿಯಿಂದ ಬಂಡೆಯನ್ನು ಕಾಯಿಸಿ ಸೀಳುವುದು ಅವರ ವಿಧಾನ. ಹಳೆಯ ಸುರಂಗಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು 2000 ವರ್ಷ ಹಳೆಯವೆಂದು ಇಂಗಾಲದ ಪರೀಕ್ಷೆ ಹೇಳಿದೆ. ನಿಜಾಮರ ಆಳ್ವಿಕೆಯಲ್ಲಿ ಆರಂಭವಾಗಿ ನಿಂತುಹೋಗಿದ್ದ ಗಣಿಗಾರಿಕೆಗೆ 1947ರಲ್ಲಿ ಸ್ಥಾಪನೆಯಾದ ಕಂಪನಿ ಮರುಜೀವ ಕೊಟ್ಟಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲಂತೂ ದೇಶದ ಗಣಿ ಚಿನ್ನದ ಬಹುಪಾಲು ಹಟ್ಟಿಯಿಂದಲೇ ಬರುತ್ತಿದೆ.

ಎಲ್ಲ ಚಿನ್ನದ ಗಣಿಗಳಿಗೂ ಇರುವ ಪ್ರಶ್ನೆ ಒಂದೇ: ಮುಂದಿರುವ ಬಂಡೆಯನ್ನು ಒಡೆಯಬೇಕೆ, ಬಿಡಬೇಕೆ? ಟನ್ ಅದಿರಿನಲ್ಲಿ ಇರುವುದು ಕೆಲವೇ ಗ್ರಾಂ ಚಿನ್ನ. ಕಣ್ಣಿಗೆ ಕಾಣುವುದು ಅಪರೂಪ. ಅಲ್ಲಲ್ಲಿ ಮಾದರಿ ತೆಗೆದು ಪರೀಕ್ಷಿಸಿ, ಅದರಿಂದಲೇ ಇಡೀ ಬಂಡೆಯ ಬೆಲೆ ಕಟ್ಟಬೇಕು. ಲೆಕ್ಕ ತಪ್ಪಿದರೆ ನಷ್ಟ ಕಂಪನಿಗೆ ಮಾತ್ರವಲ್ಲ, ಆಳದಲ್ಲಿ ದುಡಿಯುವವರ ಬದುಕಿಗೂ.

ಉದಾಹರಣೆಗೆ, ಹತ್ತು ಮಾದರಿಗಳಲ್ಲಿ ಟನ್ನಿಗೆ 1, 1, 2, 2, 2, 3, 3, 4, 6 ಮತ್ತು 36 ಗ್ರಾಂ ಚಿನ್ನ ಕಂಡಿತೆನ್ನೋಣ. ಸರಾಸರಿ 6 ಗ್ರಾಂ. ಆದರೆ ಒಂದನ್ನುಳಿದು ಯಾವ ಮಾದರಿಯೂ ಈ ಸರಾಸರಿಯನ್ನು ಮೀರಿಲ್ಲ. ಆ 36ನ್ನು ಕೈಬಿಟ್ಟರೆ ಸರಾಸರಿ 2.7ಕ್ಕೆ ಇಳಿಯುತ್ತದೆ. ಇವುಗಳಲ್ಲಿ ಯಾವುದನ್ನು ನಂಬುವುದು?

ಇಲ್ಲಿ ನೆರವಿಗೆ ಬರುವುದು ಚಿತ್ರ. ಅಳತೆಗಳನ್ನು ಸಮಾನ ಅಂತರದ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಲ್ಲಿ ಎಷ್ಟಿವೆಯೋ ಅಷ್ಟೆತ್ತರದ ಕಂಬಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರೆ ಅದು ಹಿಸ್ಟೋಗ್ರಾಂ. ಈ ಹೆಸರನ್ನು 1890ರ ದಶಕದಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಕಾರ್ಲ್ ಪಿಯರ್ಸನ್. ಅದಕ್ಕೂ ಮೊದಲೇ, 1846ರಲ್ಲಿ, ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ 5738 ಸ್ಕಾಟಿಷ್ ಸೈನಿಕರ ಎದೆಸುತ್ತಿನ ಅಳತೆಗಳು ಗಂಟೆಯಾಕಾರದ ವಿತರಣೆಗೆ ಹೊಂದುತ್ತವೆಂದು ತೋರಿಸಿದ್ದರು.

ಕಂಬಗಳ ಮೇಲೆ ವಕ್ರರೇಖೆ ಎಳೆಯುವಾಗ ಒಂದು ಎಚ್ಚರ ಬೇಕು. ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ ಒಂದು. ಕಂಬಗಳ ಎತ್ತರವಾದರೋ ಎಣಿಕೆ. ಎರಡನ್ನೂ ಹಾಗೆಯೇ ಇಟ್ಟರೆ ರೇಖೆ ಕಂಬಗಳ ಬುಡದಲ್ಲಿ ಮಲಗಿಬಿಡುತ್ತದೆ. 200 ಮಾದರಿಗಳಿದ್ದು ಗುಂಪಿನ ಅಗಲ 2 ಗ್ರಾಂ ಆಗಿದ್ದರೆ ರೇಖೆಯನ್ನು 400ರಿಂದ ಗುಣಿಸಬೇಕು. ಆಗ ಎರಡೂ ಒಂದೇ ಅಳತೆಗೆ ಬರುತ್ತವೆ.

ಸೈನಿಕರಿಗೆ ಒಪ್ಪಿದ ಗಂಟೆ ಚಿನ್ನಕ್ಕೆ ಒಪ್ಪುವುದಿಲ್ಲ. ಮೇಲಿನ ಹತ್ತು ಮಾದರಿಗಳ ಮೇಲೆ ಅದನ್ನು ಹೊದಿಸಿದರೆ ಕಾಲು ಭಾಗಕ್ಕಿಂತ ಹೆಚ್ಚು ರೇಖೆ ಸೊನ್ನೆಯ ಎಡಕ್ಕೆ, ಅಂದರೆ ಸೊನ್ನೆಗಿಂತಲೂ ಕಡಿಮೆ ಚಿನ್ನವಿರುವ ಅದಿರಿನ ಕಡೆಗೆ, ಚಾಚುತ್ತದೆ! ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು ಎಂದು ಪ್ರತಿ ದುಪ್ಪಟ್ಟನ್ನೂ ಸಮಾನ ಹೆಜ್ಜೆಯಾಗಿ ಎಣಿಸುವ ಲಾಗರಿತಮ್ ಅಳತೆಗೆ ಬದಲಾಯಿಸಿದರೆ ಬಲಕ್ಕೆ ಎಳೆದುಕೊಂಡ ಬಾಲ ಮೊಟಕಾಗುತ್ತದೆ. ಮಾದರಿಗಳು ಸಾಕಷ್ಟಿದ್ದರೆ ಕಂಬಗಳು ಬಹುಮಟ್ಟಿಗೆ ಗಂಟೆಯಾಕಾರ ತಳೆಯುತ್ತವೆ.

1940ರ ದಶಕದ ಕೊನೆ ಮತ್ತು 1950ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕದ ಗಣಿಗಳ ಅಳತೆಗಳಿಗೆ ಈ ದೃಷ್ಟಿಯನ್ನು ಅನ್ವಯಿಸಿದವರು ಹರ್ಬರ್ಟ್ ಸಿಚೆಲ್ ಮತ್ತು ಡ್ಯಾನಿ ಕ್ರೀಗ. ಕೆಲವೇ ಮಾದರಿಗಳಿಂದ ಸಮೃದ್ಧವೆಂದು ಅಂದಾಜಿಸಿದ ಅದಿರು ಅಗೆದಾಗ ಅಷ್ಟು ಸಮೃದ್ಧವಾಗಿರದು, ಬಡವೆಂದು ಬಿಟ್ಟದ್ದು ಅಷ್ಟು ಬಡವಾಗಿರದು ಎಂಬುದನ್ನು ಕ್ರೀಗ 1951ರಲ್ಲಿ ವಿವರಿಸಿದರು. ಅವರ ವಿಚಾರವನ್ನು ಬೆಳೆಸಿದ ಫ್ರಾನ್ಸಿನ ಜಾರ್ಜ್ ಮಾತೆರೋನ್, ಆ ವಿಧಾನಕ್ಕೆ ಕ್ರೀಗರ ಹೆಸರನ್ನೇ ಇಟ್ಟರು. ಇಂದು ಗಣಿಗಳಲ್ಲಷ್ಟೇ ಅಲ್ಲ, ಮಳೆ ಮತ್ತು ಅಂತರ್ಜಲದ ಅಂದಾಜಿಗೂ ಅದು ಬಳಕೆಯಲ್ಲಿದೆ.

ಆದರೂ ರೇಖೆಯೇ ಸತ್ಯವಲ್ಲ. ಕಂಬಗಳು ನೆಲ ಕೊಟ್ಟ ಸಾಕ್ಷ್ಯ. ರೇಖೆ ನಾವು ಕಟ್ಟಿದ ಊಹೆ. ಯಾರೂ ಕಾಣದ ಚಿನ್ನವನ್ನು ರೇಖೆಯ ಬಾಲ ಆಶೆ ಹುಟ್ಟಿಸುವಂತೆ ತೋರಿಸಬಲ್ಲದು. ಒಂದರ ಮೇಲೊಂದನ್ನು ಇಡುವುದು ಅಲಂಕಾರಕ್ಕಲ್ಲ. ಊಹೆ ಎಲ್ಲಿ ಸಾಕ್ಷ್ಯವನ್ನು ಬಿಟ್ಟು ಸರಿದಿದೆಯೆಂದು ಕಾಣಲಿ ಎಂಬುದಕ್ಕೆ. ಹಟ್ಟಿಯಲ್ಲಿ 640 ಅಡಿ ಇಳಿದ ಪ್ರಾಚೀನರಿಗೆ ಇಂಥ ಚಿತ್ರವಿರಲಿಲ್ಲ. ಅವರು ಮುಂದಿನ ಅಡಿಯ ನಿಜವನ್ನು ತಿಳಿಯಲು ಅದನ್ನು ಅಗೆದೇ ನೋಡಬೇಕಿತ್ತು.